ಗೌತಮಿ ಕೊಟ್ಟ ಹಸಿ ಎಲೆ

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆಗೂ ಗೌತಮಿಯ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇದೆ. ಗೋಡೆಯ ಈಚೆ ನನ್ನ ಕರಿಬೇವಿನ ಗಿಡ, ಬಟ್ಟೆ ಒಣಗಿಸುವ ತಂತಿ. ಆಚೆ ಅವಳ ಲೆಟ್ಯೂಸ್. ಹೌದು, ಲೆಟ್ಯೂಸ್ ಎಂದೇ ಹೇಳಿದೆ. ಬೇಕರಿಯವರು ಬರ್ಗರಿನೊಳಗೆ ಇಡುತ್ತಾರಲ್ಲ, ಆ ಎಲೆ. ಮಾರ್ಚ್ ಬಂತೆಂದರೆ ಕಾಗೆಗಳೂ ಬಾಯಿ ಬಿಟ್ಟುಕೊಂಡು ಕೂರುವ ಈ ಊರಿನಲ್ಲಿ ಅಂಥ ತಂಪು ಸೊಪ್ಪನ್ನು ಬೆಳೆದವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಂತೂ ಅವಳೊಬ್ಬಳೇ.

ನಾನು ಗುರುಬಸಮ್ಮ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನ್ನ ಗಂಡ ಕೊಟ್ಟೂರಪ್ಪ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಸೋಮವಾರ ಬೆಳಿಗ್ಗೆ ಬಸ್ ಹತ್ತಿದರೆ ಶನಿವಾರ ಸಂಜೆಯೇ ವಾಪಸು. ಮಗಳನ್ನು ತೆಕ್ಕಲಕೋಟೆಗೆ ಕೊಟ್ಟಿದ್ದೇವೆ. ಹಾಗಾಗಿ ವಾರದಲ್ಲಿ ಐದು ದಿನ ನನಗೆ ಹೊಲಿಗೆ ಮಿಷನ್ನೇ ಜೊತೆ. ಬೀದಿಯ ಹೆಂಗಸರದೆಲ್ಲ ಅಳತೆ ನನಗೆ ಗೊತ್ತು ಎಂಬ ಜಂಬವೂ ಇತ್ತು. ನನ್ನ ಅಳತೆ ಎಷ್ಟು ಎಂಬುದು ಗೌತಮಿಯಿಂದ ಗೊತ್ತಾಯಿತು.

ಅವಳಿಗೆ ಈಗ ನಲವತ್ತಾರು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಬೀದಿಯಲ್ಲಿ ಎಲ್ಲರೂ ಅವಳನ್ನು ಲ್ಯಾಬ್ ಮೇಡಂ ಅನ್ನುತ್ತಾರೆ. ಹುಟ್ಟಿದ್ದು ಸಿರುಗುಪ್ಪ ಕಡೆಯ ಕರೂರಿನಲ್ಲಿ. ತಾಯಿ ಹೊನ್ನೂರಮ್ಮ ಭತ್ತದ ನಾಟಿ ಮಾಡುವ ಕೂಲಿ ಹೆಂಗಸು. ಮಂದಿಯ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಮಗಳನ್ನು ಓದಿಸಿದವಳು. ಎಂಟು ವರ್ಷದ ಹಿಂದೆ ಮಗಳು ಈ ಮನೆ ಕೊಂಡು ತಾಯಿಯನ್ನು ಕರೆತಂದಳು. ಹಾಲ್‌ನಲ್ಲಿ ಬುದ್ಧನದೊಂದು, ಬಾಬಾಸಾಹೇಬರದೊಂದು ಫೋಟೊ ಹಾಕಿದಳು. ಬೀದಿಗೆ ಅಷ್ಟು ಸಾಕಾಯಿತು. ಯಾರೂ ಜಗಳ ಮಾಡಲಿಲ್ಲ, ಕೆಟ್ಟ ಮಾತೂ ಆಡಲಿಲ್ಲ. ಎದುರು ಸಿಕ್ಕರೆ ನಗುತ್ತಿದ್ದರು, ನಮಸ್ಕಾರ ಹೇಳುತ್ತಿದ್ದರು. ಆ ಮನೆಯ ಹೊಸ್ತಿಲನ್ನು ಮಾತ್ರ ಯಾರೂ ದಾಟಲಿಲ್ಲ.

ಎರಡನೇ ವರ್ಷಕ್ಕೇ ಹೊನ್ನೂರಮ್ಮ ತೀರಿಕೊಂಡಳು. ಆ ದಿನ ಬೀದಿಯವರೆಲ್ಲ ಗೇಟಿನ ತನಕ ಹೋಗಿ, ಮುಖ ಸಣ್ಣದು ಮಾಡಿಕೊಂಡು ನಿಂತು ಬಂದೆವು. ನಾನೂ ಅಷ್ಟೇ ಮಾಡಿದ್ದು.

ಆಮೇಲೆ ಅವಳು ಒಂಟಿ. ಸಂಜೆ ಕೆಲಸದಿಂದ ಬಂದಳೆಂದರೆ ಹಿತ್ತಲ ಬಾಗಿಲು ತೆರೆದ ಸದ್ದು ನನಗೆ ಕೇಳುತ್ತಿತ್ತು. ಕುಕ್ಕರ್ ಎರಡು ಸೀಟಿ ಹೊಡೆಯುತ್ತಿತ್ತು. ಆಮೇಲೆ ಒಂದು ತಟ್ಟೆಯ ಸದ್ದು. ಆಮೇಲೆ ಏನೂ ಇಲ್ಲ. ಭಾನುವಾರ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಪಿನ್ನು ಹಾಕಿ, ಎಲ್ಲಿಗೂ ಹೋಗದೆ ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಯಾರಾದರೂ ಬಂದರೆ ಸಿದ್ಧವಿರಬೇಕೆಂದು ಉಟ್ಟ ಸೀರೆ ಅದು ಎಂದು ನನಗೆ ಗೊತ್ತಾಗುತ್ತಿತ್ತು. ಬಟ್ಟೆ ತಂತಿಗೆ ಹಾಕಿ ಒಳಗೆ ಬಂದುಬಿಡುತ್ತಿದ್ದೆ.

ಮೂರು ವರ್ಷದ ಹಿಂದೆ ನನಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಏರದಾಯಿತು. ಆಸ್ಪತ್ರೆಗೆ ಹೋದರೆ ರಕ್ತ ತೆಗೆದವಳು ಗೌತಮಿಯೇ. ಸಂಜೆ ಗೋಡೆಯ ಹತ್ತಿರ ಬಂದು ಕರೆದಳು.

"ಅಕ್ಕಾ, ಸಕ್ಕರಿ ಬಾಳ ಐತಿ ನಿಮಗ. ಡಾಕ್ಟರ್ ಕೊಟ್ಟ ಗುಳಿಗಿ ತಪ್ಪಸಬ್ಯಾಡ್ರಿ. ಅನ್ನ ಕಡಿಮಿ ಮಾಡ್ರಿ. ಉಣ್ಣಾಕ ಕೂಡೂ ಮುಂಚೆ ಒಂದು ತಟ್ಟಿ ಹಸಿ ಎಲಿ ತಿನ್ರಿ."

"ಹಸಿ ಎಲಿ ತಿನ್ನಾಕ ನಾನೇನು ಮೇಕಿ ಅದೀನೇನವ್ವಾ?" ಅಂದೆ.

ಅವಳು ನಕ್ಕುಬಿಟ್ಟಳು. ತಾಯಿ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ತಡೀರಿ, ಮೇಕಿನೂ ಬಿಡಬಾರ್ದು, ಅಂಥಾ ಎಲಿ ಬೆಳೀತೀನಿ ನಿಮಗ" ಅಂದಳು. ಕೃಷಿ ಮೇಳದ ಮಳಿಗೆಯೊಂದರಲ್ಲಿ ತಂದ ಲೆಟ್ಯೂಸ್ ಬೀಜದ ಚೀಟಿ ಅವಳ ಹತ್ತಿರ ಇತ್ತು.

ದೀಪಾವಳಿಯ ಹೊತ್ತಿಗೆ ಶುರು ಮಾಡಿದಳು. ಎಳ್ಳಿಗಿಂತ ಸಣ್ಣ ಬೀಜ. ಅದನ್ನು ಒಂದು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಗೋಣಿಚೀಲದಲ್ಲಿ ಸುತ್ತಿ, ಮೇಲೆ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ಕಲ್ಲು ಹೇರಿ, ಸ್ನಾನದ ನೀರೊಲೆಯ ಪಕ್ಕ ಇಟ್ಟಳು. ಕರೂರಿನಲ್ಲಿ ತಾಯಿ ಭತ್ತಕ್ಕೆ ಮೊಳಕೆ ಕಟ್ಟುತ್ತಿದ್ದುದು ಹಾಗೆ. ನಾಲ್ಕು ದಿನ ಬಿಟ್ಟು ಬಿಚ್ಚಿದರೆ ಹುಳಿ ವಾಸನೆ. ಬೀಜ ಇದ್ದ ಹಾಗೇ ಇತ್ತು, ಒಂದೂ ಕಣ್ಣು ತೆರೆದಿರಲಿಲ್ಲ.

"ಭತ್ತಕ್ಕ ಬೆಚ್ಚಗಿರಬೇಕ್ರಿ. ಇದಕ್ಕೂ ಹಂಗ ಇರಬೇಕಂತ ಮಾಡಿದ್ನಿ. ಇದರ ತಂದಿ ತಾಯಿ ಬ್ಯಾರೆ ಅದಾರ" ಅಂದಳು.

ಎರಡನೇ ಸಲ ಹೊಸ ಬೀಜದ ಗಂಟನ್ನು ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಬುಡದಲ್ಲಿ ಇಟ್ಟಳು. ಗಡಿಗೆ ಸದಾ ಬೆವರುವ ಜಾಗ, ತಣ್ಣಗೆ ತೇವ. ಮೂರನೇ ದಿನಕ್ಕೆ ಬಿಳಿ ಮೊಳಕೆ ಒಡೆಯಿತು. ಕುಂಡದಲ್ಲಿ ಸಸಿ ನಾಲ್ಕೆಲೆ ಬಿಟ್ಟ ಮೇಲೆ ಮಡಿಗೆ ಇಳಿದಳು ನೋಡಿ, ನಾನು ಬಟ್ಟೆ ಹಿಂಡುವುದು ಬಿಟ್ಟು ನಿಂತೆ. ಸೀರೆ ಎತ್ತಿ ಕಟ್ಟಿ, ನೆಲಕ್ಕೆ ನೀರು ಬಿಟ್ಟು, ಕಾಲಲ್ಲಿ ತುಳಿದು ಕೆಸರು ಮಾಡಿದಳು. ಆಮೇಲೆ ಬಗ್ಗಿ, ಮೂರು ಮೂರು ಸಸಿ ಜೋಡಿಸಿ, ಹೆಬ್ಬೆರಳಲ್ಲಿ ಒತ್ತಿ ನೆಡುತ್ತಾ ಹಿಂದಕ್ಕೆ ಹಿಂದಕ್ಕೆ ಹೋದಳು. ಕೈ ಎಷ್ಟು ಚುರುಕು, ಸಾಲು ಎಷ್ಟು ನೇರ! ಕೊನೆಗೆ ಮಡಿ ತುಂಬ ನೀರು ನಿಲ್ಲಿಸಿದಳು. ತಪ್ಪನ್ನು ಅಷ್ಟು ಚೆಂದವಾಗಿ ಮಾಡಿದವರನ್ನು ನಾನು ಕಂಡಿಲ್ಲ. ವಾರದೊಳಗೆ ಎಲ್ಲ ಕೊಳೆತು ಲೋಳೆಯಾಯಿತು.

"ಲ್ಯಾಬ್‌ನ್ಯಾಗ ಇಷ್ಟು ವರ್ಷ ದುಡದೀನಿ, ಕಾಲಿಗೆ ಇನ್ನೂ ಗದ್ದಿನ ನೆನಪೈತಿ ಅಕ್ಕಾ" ಅಂದಳು. ಶಾಲೆಯ ರಜೆಯಲ್ಲಿ ತಾಯಿಯ ಜೊತೆ ನಾಟಿಗೆ ಹೋಗುತ್ತಿದ್ದಳಂತೆ. ಆ ದಿನವೇ ಇನ್ನೊಂದು ಕಥೆ ಹೇಳಿದಳು. ಗದ್ದೆ ಬದುವಿನಲ್ಲಿ ಸಿಕ್ಕ ಸೊಪ್ಪನ್ನು ಹೊನ್ನೂರಮ್ಮ ಗೌಡರ ಮನೆಗೆ ಒಯ್ಯುತ್ತಿದ್ದಳು. ಗೌಡಸಾನಿ ಅದನ್ನು ಕಟ್ಟೆಯ ಮೇಲೆ ಇಡಿಸಿ, ನೀರು ಚಿಮುಕಿಸಿ, ಆಮೇಲೆ ಎತ್ತಿಕೊಳ್ಳುತ್ತಿದ್ದಳು. "ಸೊಪ್ಪಿಗೆ ಜಳಕಾ ಮಾಡ್ಸಿ ಒಳಗ ಕರ್ಕೊತಾರ, ನಮಗ ಮಾಡಿದ್ರೂ ಕರಿಯಂಗಿಲ್ಲ ಅಂತಿದ್ಲು ನಮ್ಮವ್ವ" ಎಂದು ನಕ್ಕಳು. ನಾನೂ ನಕ್ಕೆ. ಕುರುಗೋಡಿನ ನನ್ನ ತವರುಮನೆಯಲ್ಲಿ ನನ್ನವ್ವ ಮಾಡುತ್ತಿದ್ದುದೂ ಅದೇ ಎಂದು ಹೇಳಲಿಲ್ಲ.

ಮೂರನೇ ಸಲ ಅವಳು ಭತ್ತವನ್ನು ಮರೆತಳು. ನಮ್ಮ ಎರೆಮಣ್ಣು ನೀರು ಕುಡಿದರೆ ಅಂಟು, ಒಣಗಿದರೆ ಬಿರುಕು. ಅದಕ್ಕೆ ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿ ಜರಡಿ ಹಿಡಿದಳು. ಮಡಿಯನ್ನು ಗೇಣುದ್ದ ಎತ್ತರಿಸಿ, ನೀರು ನಿಲ್ಲದಂತೆ ಅಂಚಿಗೆ ಇಳಿಜಾರು ಕೊಟ್ಟಳು. ಮೊಳಕೆ ಬಂದ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ತಟ್ಟಿದಳು, ಆಳಕ್ಕೆ ಹೂಳಲಿಲ್ಲ. ಸಸಿಯನ್ನು ಒಂದೊಂದೇ, ಗೇಣಿಗೊಂದರಂತೆ ನೆಟ್ಟಳು. ಡ್ಯೂಟಿಗೆ ಹೋಗುವ ಮುಂಚೆ ಬುಡಕ್ಕೆ ಒಂದೊಂದು ಲೋಟ ನೀರು. ಮಧ್ಯಾಹ್ನದ ಬಿಸಿಲು ತಾಗದಂತೆ ಮೇಲೆ ಹಸಿರು ನೆರಳು ಪರದೆ. ಪರದೆಯ ಅಂಚು ಹೊಲಿದುಕೊಟ್ಟವಳು ನಾನು.

ಜನವರಿ ಕೊನೆಗೆ ಎಲೆ ಬಂತು. ತಿಳಿ ಹಸಿರು, ಅಂಚೆಲ್ಲ ಫ್ರಿಲ್ ಇಟ್ಟು ಹೊಲಿದ ಫ್ರಾಕಿನ ಹಾಗೆ ಸುಕ್ಕು ಸುಕ್ಕು. ಗಿಡ ಕೀಳಲಿಲ್ಲ ಅವಳು. ಹೊರಗಿನ ಎಲೆಗಳನ್ನಷ್ಟೇ ಮುರಿದು, ನಡುವಿನ ಸುಳಿಯನ್ನು ಬಿಟ್ಟಳು. ಸುಳಿ ಇದ್ದರೆ ಮತ್ತೆ ಮತ್ತೆ ಎಲೆ ಬರುತ್ತದಂತೆ. ಗೋಡೆಯ ಮೇಲಿಂದ ಕೊಟ್ಟಳು, ನಾನು ಅಲ್ಲೇ ಒಂದು ತುಂಡು ಬಾಯಿಗೆ ಹಾಕಿದೆ. ನೀರು ನೀರಾಗಿ, ಕರುಂ ಅಂತು. ರುಚಿ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. "ಚಲೋ ಐತಿ" ಅಂದಾಗ ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ, ಒಂದು ಎಲೆಗೆ ಇಷ್ಟೆಲ್ಲ ಯಾಕೆ ಅಂದುಕೊಂಡೆ.

ಮರುವರ್ಷದ ಚಳಿಗಾಲ ನಮ್ಮಿಬ್ಬರಿಗೂ ಚೆನ್ನಾಗಿತ್ತು. ಸಂಜೆ ಆರಕ್ಕೆ ಅವಳು ಗೋಡೆಯ ಹತ್ತಿರ ಬರುತ್ತಿದ್ದಳು. ತೊಳೆದ ಎಲೆ ಒದ್ದೆ ಬಟ್ಟೆಯಲ್ಲಿ ಸುತ್ತಿರುತ್ತಿತ್ತು. ಅರ್ಧ ಗಂಟೆ ಮಾತು. ಒಂದೊಂದು ಸಲ ದೀಪ ಹಚ್ಚುವುದನ್ನೂ ಮರೆತು ನಿಂತಿರುತ್ತಿದ್ದೆ. ಮೇಡಂ ಹೋಗಿ ಗೌತಮಿ ಆಯಿತು, ಬರ್ರಿ ಹೋಗಿ ಬಾರವ್ವಾ ಆಯಿತು. ಹಬ್ಬಕ್ಕೆ ನಾನು ಹೋಳಿಗೆ ಕೊಟ್ಟರೆ ಗೋಡೆಯ ಹತ್ತಿರವೇ ನಿಂತು ತಿಂದು ಬೆರಳು ನೆಕ್ಕುತ್ತಿದ್ದಳು. ನನ್ನ ಸಕ್ಕರೆಯೂ ಇಳಿಯಿತು.

ಅವಳು ಕೇಳಿದ್ದು ಒಂದೇ ಒಂದು.

"ಅಕ್ಕಾ, ಒಂದಿನ ನಮ್ಮನ್ಯಾಗ ಉಣ್ಣಾಕ ಬರ್ರಿ. ನಮ್ಮವ್ವ ಹೋದ ಮ್ಯಾಲ ಎರಡ್ನೇ ತಟ್ಟಿ ಹಾಕಿಲ್ಲ ನಾನು."

"ಇವತ್ತು ಸ್ವಾಮಾರ, ನಂದು ಒಪ್ಪತ್ತವ್ವಾ" ಅಂದೆ. ಇನ್ನೊಮ್ಮೆ ಕೇಳಿದಾಗ ಮಗಳು ಬರುತ್ತಾಳೆ ಅಂದೆ. ಮತ್ತೊಮ್ಮೆ, ಗಿರಾಕಿಗಳ ಮದುವೆ ಬ್ಲೌಸು ರಾಶಿ ಬಿದ್ದಿವೆ ಅಂದೆ. ನೆಪಗಳು ನನಗೆ ಹುಡುಕದೆ ಸಿಗುತ್ತಿದ್ದವು. ನಾನೇನು ಭೇದ ಮಾಡುವವಳಲ್ಲ, ದಿನಾ ಅವಳ ಕೈಯಿಂದ ತಗೊಂಡು ತಿನ್ನುತ್ತಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಿನ್ನುತ್ತಿದ್ದುದು ಹಸಿಯದನ್ನು, ಬೆಂಕಿ ಕಾಣದ್ದನ್ನು ಎಂಬ ಲೆಕ್ಕ ನನ್ನೊಳಗೆ ಎಲ್ಲೋ ನಡೆದೇ ಇತ್ತು.

ಶಿವರಾತ್ರಿ ಹತ್ತಿರ ಬಂದಾಗ ಬಿಸಿಲು ಏರಿತು. ಲೆಟ್ಯೂಸ್ ಗಿಡಗಳು ಎಲೆ ಬಿಡುವುದು ನಿಲ್ಲಿಸಿ ದಂಟು ಎತ್ತತೊಡಗಿದವು. ಮುರಿದರೆ ಹಾಲು ಬರುತ್ತಿತ್ತು. ಇನ್ನು ಹಸಿ ತಿನ್ನಲು ಬಾರದು ಎಂದು ಅವಳು ಇದ್ದಬದ್ದ ಎಲೆಯನ್ನೆಲ್ಲ ಕೊಯ್ದಳು. ಗಿರಣಿ ಕೆಲಸಕ್ಕೆಂದು ನನ್ನ ಗಂಡ ಊರಿಗೆ ಬಾರದ ಒಂದು ಭಾನುವಾರ ಮಧ್ಯಾಹ್ನ ಗೋಡೆಯ ಮೇಲೆ ಮುಚ್ಚಳ ಹಾಕಿದ ಸ್ಟೀಲ್ ಬಟ್ಟಲು ಇಟ್ಟಳು. ಇಸ್ತ್ರಿ ಸೀರೆ ಉಟ್ಟಿದ್ದಳು.

"ಪಪ್ಪು ಮಾಡೀನ್ರಿ ಅಕ್ಕಾ, ತೊಗರಿ ಬ್ಯಾಳಿ ಹಾಕಿ. ನಮ್ಮವ್ವ ಯಾವ ಸೊಪ್ಪು ಸಿಕ್ರೂ ಹಿಂಗ ಮಾಡ್ತಿದ್ಲು. ನಿಮಗ ಬರಾಕ ಆಗಂಗಿಲ್ಲಲ್ಲ, ಅದಕ್ಕ ನಾನ ಕೊಡ್ತೀನಿ. ನೀವ ಮೊದ್ಲು ಉಣ್ರಿ, ನಾ ಆಮ್ಯಾಲ ಉಣ್ತೀನಿ."

ಬಟ್ಟಲು ಬೆಚ್ಚಗಿತ್ತು. ಒಳಗೆ ತಂದು ಮುಚ್ಚಳ ತೆಗೆದೆ. ಬೆಳ್ಳುಳ್ಳಿ ಒಗ್ಗರಣೆಯ ಘಮಕ್ಕೆ ಬಾಯಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ತಟ್ಟೆಗೆ ಅನ್ನ ಹಾಕಿಕೊಂಡೆ. ಒಂದು ಚಮಚ ಪಪ್ಪು ಎತ್ತಿದೆ. ಕೈ ಅಲ್ಲೇ ನಿಂತಿತು. ನಾನು ನಿಲ್ಲಿಸಲಿಲ್ಲ, ತಾನಾಗಿ ನಿಂತಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಬಟ್ಟಲನ್ನು ಹಿತ್ತಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಸುರಿದು ಮಣ್ಣು ಎಳೆದೆ. ಯಾರೂ ನೋಡಲಿಲ್ಲ. ಬಟ್ಟಲು ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಶೇಂಗಾ ಹಾಕಿ ಗೋಡೆಯ ಮೇಲಿಟ್ಟು ಕರೆದೆ.

ಅವಳು ಓಡುತ್ತಲೇ ಬಂದಳು. ಮುಖ ಒಂಥರಾ ಆಗಿತ್ತು. "ಹೆಂಗಿತ್ತಕ್ಕಾ?" ಅಂದಳು.

"ಬಾಳ ಚಲೋ ಇತ್ತವ್ವಾ. ಬಟ್ಟಲ ಬಳದು ಉಂಡ್ನಿ."

"ಕಹಿ ಅನಿಸಲಿಲ್ಲ?"

"ಕಹಿ? ಏ ಎಲ್ಲಿ ಕಹಿ! ಸಕ್ಕರಿ ಹಾಕಿದಂಗಿತ್ತು ನೋಡು."

ಅವಳು ಬಟ್ಟಲಿನ ಶೇಂಗಾ ನೋಡಿದಳು. ಆಮೇಲೆ ನನ್ನ ಕರಿಬೇವಿನ ಗಿಡದ ಕಡೆ ನೋಡಿದಳು. ಬುಡದಲ್ಲಿ ಹೊಸದಾಗಿ ಎಳೆದ ಮಣ್ಣು ಒದ್ದೆಯಾಗಿತ್ತು.

"ವಿಷದಂಗ ಕಹಿ ಇತ್ರಿ ಅಕ್ಕಾ" ಅಂದಳು. ದನಿ ಏರಲಿಲ್ಲ. "ದಂಟು ಎದ್ದ ಮ್ಯಾಲ ಆ ಎಲಿ ಬೇಯ್ಸಿದ್ರೂ ಕಹಿ ಹೋಗಂಗಿಲ್ಲಂತ ನನಗ ಗೊತ್ತಿರ್ಲಿಲ್ಲ. ಒಂದು ತುತ್ತು ಬಾಯಾಗ ಇಟ್ಟು ಉಗುಳಿದ್ನಿ. ನೀವೂ ಉಂಡ್ರೇನೋ, ಬ್ಯಾಡಂತ ಹೇಳ್ಬೇಕಂತ ಬಂದ್ನಿ."

ಅವಳು ಬಟ್ಟಲಿನ ಶೇಂಗಾವನ್ನು ಸೆರಗಿಗೆ ಹಾಕಿಕೊಂಡಳು. "ಇರ್ಲಿ ಬಿಡ್ರಿ" ಎಂದು ಒಳಗೆ ಹೋದಳು.

ಅಂದಿನಿಂದ ಸಂಜೆ ಆರಕ್ಕೆ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ನಾನು ಹೋಗಿ ನಿಲ್ಲುತ್ತಿದ್ದೆ, ಅವಳು ಬರುತ್ತಿರಲಿಲ್ಲ. ಬೀದಿಯಲ್ಲಿ ಸಿಕ್ಕರೆ "ಹೂಂ ಅಕ್ಕಾ, ಆರಾಮ ಅದೀನಿ" ಅನ್ನುತ್ತಿದ್ದಳು, ಬೀದಿಯವರೆಲ್ಲರಿಗೂ ಅನ್ನುವ ಹಾಗೆ. ತಪ್ಪಾಯಿತು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಆಟೋ ಬಂತು, ಅವಳು ಹತ್ತಿ ಹೋದಳು. ಶನಿವಾರ ಮನೆಗೆ ಬಂದ ಗಂಡನಿಗೆ ಹೇಳಿದರೆ, "ನಮ್ಮೋರಾಗ ಯಾರು ಉಂಡಾರ ಅವರ ಮನ್ಯಾಗ? ನಿಂದೇನ್ ಹೊಸಾದು?" ಅಂದ. ನನ್ನನ್ನು ಬಿಟ್ಟುಕೊಡಬಾರದೆಂದೇ ಹೇಳಿದ ಮಾತು. ಅದರಿಂದ ನನಗೆ ಇನ್ನೂ ಸಂಕಟವಾಯಿತು.

ಆ ಬೇಸಿಗೆ ಬಹಳ ಉದ್ದ. ಅವಳ ಕುಕ್ಕರ್ ಸೀಟಿ ಕೇಳಿದಾಗಲೆಲ್ಲ ನಾನು ಮಿಷನ್ ನಿಲ್ಲಿಸುತ್ತಿದ್ದೆ. ಎರಡು ಸೀಟಿ, ಒಂದು ತಟ್ಟೆ. ಈಚೆ ಕಡೆ ನನ್ನದೂ ಒಂದೇ ತಟ್ಟೆ. ಎದೆಮಟ್ಟದ ಗೋಡೆಯ ಎರಡೂ ಕಡೆ ಇಬ್ಬರು ಹೆಂಗಸರು ಬೇರೆ ಬೇರೆ ಕೂತು ಉಣ್ಣುತ್ತಿದ್ದೆವು. ಹಾಗೆ ಮಾಡಿದವಳು ನಾನು.

ಈ ಸಲದ ದೀಪಾವಳಿಗೆ ಆಚೆ ಕಡೆ ಹಸಿರು ಪರದೆ ಮೇಲೆದ್ದಿತು. ಡಿಸೆಂಬರಿನ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಗೇಟಿಗೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಲೆಟ್ಯೂಸ್. ಅವಳು ಡ್ಯೂಟಿಗೆ ಹೋಗಿ ಆಗಿತ್ತು. ಅಂದಿನಿಂದ ದಿನ ಬಿಟ್ಟು ದಿನ ಚೀಲ ಬಂತು. ನನ್ನ ಸಕ್ಕರೆಯನ್ನು ಅವಳು ಮರೆತಿರಲಿಲ್ಲ. ಬೈದಿದ್ದರೆ, ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದರೆ ನಾನೂ ನಾಲ್ಕು ಮಾತಾಡಿ ಹಗುರ ಆಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮಧ್ಯಾಹ್ನ, ಗಂಡ ಉಂಡು ಮಲಗಿದ ಮೇಲೆ, ನಾನು ತಡೆಯಲಾರದೆ ಎದ್ದೆ. ಮನೆಯ ತಟ್ಟೆಯೊಂದನ್ನು ಹಿಡಿದು, ಬೀದಿ ಸುತ್ತಿ, ಅವಳ ಗೇಟು ತೆಗೆದು ಹೊಸ್ತಿಲ ಮುಂದೆ ನಿಂತೆ. ಎಂಟು ವರ್ಷದಲ್ಲಿ ಮೊದಲ ಸಲ. ಬಾಗಿಲು ತೆಗೆದಳು. ಅವಳ ಹಿಂದೆ ಹೊನ್ನೂರಮ್ಮನ ಫೋಟೊ ಕಂಡಿತು.

"ಉಣ್ಣಾಕ ಬಂದೀನಿ ಗೌತಮಿ" ಅಂದೆ. "ಅಂದು ನಾ ಉಣ್ಣಲಿಲ್ಲ. ಗಿಡದ ಬುಡಕ್ಕ ಚೆಲ್ಲಿದ್ನಿ. ತಪ್ಪಾತು."

ಅವಳು ನನ್ನನ್ನೂ ತಟ್ಟೆಯನ್ನೂ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು.

"ಒಬ್ಬಾಕಿಗೇ ಇಟ್ಟೀನ್ರಿ ಅಕ್ಕಾ" ಅಂದಳು.

"ಇದ್ದದ್ರಾಗ ಒಂದು ತುತ್ತು ಕೊಡು. ಇಲ್ಲಂದ್ರ ಮತ್ತ ಇಡು, ನಾ ಕಾಯ್ತೀನಿ."

"ಬ್ಯಾಡ್ರಿ. ಬಿಸಲಾಗ ನಿಂದ್ರಬ್ಯಾಡ್ರಿ."

ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಮನೆಯ ಬದಿಯಿಂದ ಹಿತ್ತಲಿಗೆ ಹೋದಳು. ಪರದೆಯ ಕೆಳಗೆ ಬಗ್ಗಿ, ಒಂದೊಂದು ಗಿಡದ ಹೊರಗಿನ ಎಲೆ ಮುರಿದು, ಸುಳಿ ಬಿಟ್ಟು, ನಲ್ಲಿಯಲ್ಲಿ ತೊಳೆದು ತಂದಳು. ತಟ್ಟೆ ತುಂಬ ಹಸಿ ಎಲೆ. ನನ್ನ ಕೈಗೆ ಕೊಟ್ಟು, "ಈ ತಿಂಗಳು ರಕ್ತ ಚೆಕ್ ಮಾಡಿಸ್ಕೋರಿ, ಮರೀಬ್ಯಾಡ್ರಿ" ಅಂದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಳು. ಒಳಗೆ ಕುಕ್ಕರ್ ಎರಡನೇ ಸೀಟಿ ಹೊಡೆಯಿತು.

ಮನೆಗೆ ಬಂದು ಅನ್ನಕ್ಕೆ ಮುಂಚೆ, ಅವಳು ಹೇಳಿಕೊಟ್ಟ ಹಾಗೆ, ಆ ಎಲೆಯನ್ನೆಲ್ಲ ತಿಂದೆ. ಒಂಚೂರೂ ಕಹಿ ಇರಲಿಲ್ಲ. ಇದ್ದಿದ್ದರೂ ಒಂದು ತುಣುಕು ಬಿಡದೆ ನುಂಗುತ್ತಿದ್ದೆ.